ಗೌರಿಬಿದನೂರಿಗೆ ಹೋಗಿಬಂದ ಮೇಷ್ಟ್ರು

ಚಿಂತಾಮಣಿಯಲ್ಲಿ ಪುಟ್ಟಸ್ವಾಮಯ್ಯ ಮೇಷ್ಟ್ರ ಮನೆ ಎಲ್ಲಿ ಎಂದು ಕೇಳಿದರೆ ಜನ ತುಸು ಯೋಚಿಸುತ್ತಾರೆ. ‘ಗ್ರಹಣದ ಮೇಷ್ಟ್ರು’ ಎಂದರೆ ಮಾತ್ರ ಆಟೋದವನು ಮರುಮಾತಿಲ್ಲದೆ ಬಾಗಿಲಿಗೇ ತಂದು ಇಳಿಸುತ್ತಾನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಈ ಮಹನೀಯರು, ಸೂರ್ಯಗ್ರಹಣ ಹಿಡಿದು ಊರಿಗೆ ಊರೇ ಬಾಗಿಲು ಹಾಕಿಕೊಂಡಿರುವಾಗ, ಶಾಲೆಯ ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಎಲ್ಲರ ಕಣ್ಣಿಗೂ ಬೀಳುವ ಹಾಗೆ ಪುಳಿಯೋಗರೆ ತಿನ್ನುತ್ತಿದ್ದರು. ಆ ಪುಳಿಯೋಗರೆಯನ್ನು ಗ್ರಹಣ ಹಿಡಿಯುವ ಮೊದಲೇ ಕಲಸಿ, ಮೇಲೊಂದು ದರ್ಭೆ ಇಟ್ಟು ಡಬ್ಬಿ ಮುಚ್ಚಿ ಕಳಿಸುತ್ತಿದ್ದವರು ಅವರ ಹೆಂಡತಿ ಪಂಕಜಮ್ಮ. ಮೇಷ್ಟ್ರು ಅದನ್ನು ಕರಿಬೇವಿನ ಕಡ್ಡಿ ಎಂದುಕೊಂಡು ಪಕ್ಕಕ್ಕಿಟ್ಟು ಮೂಢನಂಬಿಕೆಯ ವಿರುದ್ಧ ಹೋರಾಟ ಮುಂದುವರಿಸುತ್ತಿದ್ದರು.

ಜ್ಯೋತಿಷಿಗಳೆಂದರೆ ಅವರಿಗೆ ಮೈಯೆಲ್ಲ ಉರಿ. “ಅಷ್ಟು ದೂರದಲ್ಲಿರೋ ಗುರುಗ್ರಹಕ್ಕೆ ಚಿಂತಾಮಣಿಯೋರ ಮನೆ ಮದುವೆ ನೋಡೋದು ಬಿಟ್ಟು ಬೇರೆ ಕೆಲಸ ಇಲ್ವಾ?” ಎಂದು ವಿಜ್ಞಾನ ದಿನಾಚರಣೆಯಲ್ಲಿ ಮೈಕು ಹಿಡಿದು ಗುಡುಗುತ್ತಿದ್ದರು. ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ಮೇಷ್ಟ್ರು ಅದನ್ನು ವಿಚಾರಕ್ರಾಂತಿಯ ಲಕ್ಷಣವೆಂದು ತಿಳಿದಿದ್ದರು. ಭಾಷಣ ಮುಗಿದ ಮೇಲೆ ಬಾಳೆಹಣ್ಣು ಹಂಚುವ ಪದ್ಧತಿ ಇದ್ದದ್ದು ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಇಂಥವರ ಒಬ್ಬಳೇ ಮಗಳು ಅಕ್ಷಯಾ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡು, ಅಲ್ಲೇ ರೂಮು ಮಾಡಿಕೊಂಡಿದ್ದಳು. ಅವಳಿಗೆ ಶಿಡ್ಲಘಟ್ಟದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ವೆಂಕಟೇಶ್, ರೇಷ್ಮೆ ಇಲಾಖೆಯಲ್ಲಿ ನೌಕರಿ. ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಒಪ್ಪಿದ ಹಾಗೆಯೇ ಇತ್ತು. ಭಾನುವಾರ ಹುಡುಗನ ಕಡೆಯವರು ಹೆಣ್ಣು ನೋಡಲು ಬರುವುದೆಂದು ನಿಶ್ಚಯವಾಯಿತು. ಪಂಕಜಮ್ಮ ಹುಡುಗನ ತಾಯಿಯನ್ನು ಫೋನಿನಲ್ಲಿ ವಿಚಾರಿಸಿ, ಹುಡುಗನ ನಕ್ಷತ್ರ, ಹುಟ್ಟಿದ ದಿನ, ವೇಳೆ ಎಲ್ಲವನ್ನೂ ಗಟ್ಟಿಯಾಗಿ ಹೇಳಿಸಿಕೊಂಡು, ಗಂಡನ ಕಡೆ ತಿರುಗಿದರು.

“ನೀವೇ ಒಂದು ಸಲ ಹೋಗಿ ತೋರಿಸ್ಕೊಂಡು ಬನ್ನೀಂದ್ರೆ.”

“ಪಂಕಜಾ! ಈ ಮನೇಲಿ ಜಾತಕ ಅನ್ನೋ ಮಾತು ಎತ್ತಕೂಡದು. ಊರಿಗೆಲ್ಲ ಬುದ್ಧಿ ಹೇಳೋ ನಾನು ಪಂಚಾಂಗದೋರ ಮುಂದೆ ಹೋಗಿ ಕೂತ್ಕೊಳ್ಲಾ?”

ಪಂಕಜಮ್ಮ ಜಗಳ ಆಡಿದ್ದರೆ ಮೇಷ್ಟ್ರು ಗೆದ್ದು ನೆಮ್ಮದಿಯಾಗಿರುತ್ತಿದ್ದರು. ಆಕೆ ಜಗಳ ಆಡಲಿಲ್ಲ. “ಆಯ್ತು ಬಿಡಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಗಳಿಗೆ ನೀವೇ ಉತ್ತರ ಕೊಡಿ,” ಎಂದು ಹೇಳಿ ಹುರುಳಿಕಾಯಿ ಮುರಿಯಲು ಕೂತರು.

ಈ ಒಂದು ಮಾತು ಮೇಷ್ಟ್ರ ತಲೆಯೊಳಗೆ ಸೇರಿಕೊಂಡು ಹೊರಗೆ ಬರಲೇ ಇಲ್ಲ. ಪಾಠ ಮಾಡುವಾಗ ಬೋರ್ಡಿನ ಮೇಲೆ ಸೌರವ್ಯೂಹ ಬಿಡಿಸಿದರೆ ಶನಿ ಒಂದು ಸುತ್ತು ದೊಡ್ಡದಾಗಿ ಬಂತು. ಕೊನೆಗೆ ಗುರುವಾರ ಶಾಲೆಗೆ ರಜೆ ಹಾಕಿ, ಮನೆಯಲ್ಲಿ ‘ಟ್ರೈನಿಂಗ್ ಇದೆ’ ಎಂದು ಹೇಳಿ ಹೊರಟೇಬಿಟ್ಟರು. ಚಿಂತಾಮಣಿಯಲ್ಲಿ ಜೋಯಿಸರಿಗೇನೂ ಬರವಿರಲಿಲ್ಲ, ಆದರೆ ಅಲ್ಲಿ ಯಾರ ಮನೆ ಮೆಟ್ಟಿಲು ಹತ್ತಿದರೂ ಹಳೆಯ ಶಿಷ್ಯನೊಬ್ಬ ಎದುರಾಗುವುದು ಖಂಡಿತ. ಆದ್ದರಿಂದ ಜಿಲ್ಲೆಯ ಇನ್ನೊಂದು ತುದಿಯ ಗೌರಿಬಿದನೂರಿನಲ್ಲಿ ವೆಂಕಟರವಣ ಜೋಯಿಸರೆಂಬ ಹಿರಿಯರಿದ್ದಾರೆಂದು ಯಾರೋ ಆಡಿದ ಮಾತನ್ನು ನೆಚ್ಚಿಕೊಂಡರು. ಬೇಸಿಗೆಯ ಬಿಸಿಲಿನಲ್ಲಿ ಮಂಕಿಕ್ಯಾಪು, ಅದರ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು, ಯಾರ ಗಮನಕ್ಕೂ ಬೀಳದ ಹಾಗೆ ಬಸ್ಸು ಹತ್ತಿದರು.

ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹುಡುಗನ ವಿವರಗಳನ್ನು ಬರೆದಿಟ್ಟುಕೊಂಡರೆ ಸಾಕ್ಷಿ ಉಳಿಯುತ್ತದೆಂದು ಮೇಷ್ಟ್ರು ಬಾಯಿಪಾಠ ಮಾಡಿಕೊಂಡಿದ್ದರು. ಶಿಡ್ಲಘಟ್ಟದವರೆಗೂ “ಅನುರಾಧ, ವೃಶ್ಚಿಕ, ತೊಂಬತ್ತಾರನೇ ಇಸವಿ” ಎಂದು ಮಂತ್ರದ ಹಾಗೆ ಜಪಿಸಿದರು. ಅಷ್ಟರಲ್ಲಿ ಕಂಡಕ್ಟರು ಬಂದು ಬಗ್ಗಿ ನೋಡಿ, “ಸಾರ್! ನಾನು ಸಾರ್, ನಿಮ್ಮ ಸ್ಟೂಡೆಂಟು! ಏನ್ ಸಾರ್, ಜ್ವರಾನಾ?” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. ಮೇಷ್ಟ್ರು, “ಹೌದಪ್ಪ, ಕಿವಿಗೆ ಜ್ವರ,” ಎಂದರು. ಆ ಗಾಬರಿಯಲ್ಲಿ ಅನುರಾಧವೂ ಹೋಯಿತು, ವೃಶ್ಚಿಕವೂ ಹೋಯಿತು.

ಗೌರಿಬಿದನೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಜೋಯಿಸರ ಮನೆ. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ಆ ಕಡೆಯ ಹಳ್ಳಿಗಳಲ್ಲಿ ಮಗುವಿಗೆ ಹೆಸರಿಡುವುದಿರಲಿ, ಬೋರ್‌ವೆಲ್ ಕೊರೆಸುವುದಿರಲಿ, ತೀರಿಕೊಂಡವರ ತಿಥಿ ಮರೆತುಹೋಗಿರಲಿ, ಜನ ಬಂದು ಕೂರುತ್ತಿದ್ದದ್ದು ಅವರ ಜಗಲಿಯ ಮೇಲೆಯೇ. ಅಪ್ಪ ಮಗ ಮಾತು ಬಿಟ್ಟಿದ್ದರೆ ಅವರನ್ನು ಒಂದೇ ಚಾಪೆಯ ಮೇಲೆ ಕೂರಿಸಿ, ಇಬ್ಬರಿಗೂ ಒಂದೇ ಶನಿಯನ್ನು ಹಂಚಿ, ಒಟ್ಟಿಗೆ ದೀಪ ಹಚ್ಚುವಂತೆ ಹೇಳಿ ಕಳಿಸುತ್ತಿದ್ದರು. ಎದುರಿಗೆ ಕೂತವರ ಮಾನ ಹೋಗುವಂಥ ಮಾತು ಅವರ ಬಾಯಿಂದ ಯಾವತ್ತೂ ಬಂದಿರಲಿಲ್ಲ. ಅನಾಹುತವಾದದ್ದು ಆ ಒಳ್ಳೆಯತನದಿಂದಲೇ.

“ಸ್ವಾಮಿ, ವಿಷಯ ಗುಟ್ಟಾಗಿರಬೇಕು,” ಎಂದರು ಮೇಷ್ಟ್ರು, ಮಂಕಿಕ್ಯಾಪು ತೆಗೆಯದೆ. “ನನ್ನ ಹೆಂಡ್ತಿಗಂತೂ ಗೊತ್ತಾಗಲೇಬಾರದು.”

“ಯಾರ ಮದುವೆ?”

“ಬೇಕಾದವರೊಬ್ಬರದು ಅಂತಿಟ್ಕೊಳ್ಳಿ.”

“ಗಂಡಿನ ನಕ್ಷತ್ರ, ಹುಟ್ಟಿದ ದಿನ ಹೇಳಿ.”

ಮೇಷ್ಟ್ರು ಬಾಯಿ ತೆರೆದರು. ಒಳಗೆ ಏನೂ ಇರಲಿಲ್ಲ. ಪಂಕಜಮ್ಮ ಶನಿವಾರ ಶನಿವಾರ ದೇವಸ್ಥಾನದಲ್ಲಿ ಗಂಡನ ಹೆಸರಿನಲ್ಲಿ ಅರ್ಚನೆ ಮಾಡಿಸುವಾಗ ಕಿವಿಗೆ ಬಿದ್ದ ನಕ್ಷತ್ರವೊಂದು ಎಲ್ಲಿಂದಲೋ ತೇಲಿ ಬಂತು. “ವಿಶಾಖ, ತುಲಾ,” ಎಂದರು. ಅದರ ಹಿಂದೆಯೇ, ಸರ್ಕಾರಿ ನೌಕರಿಗೆ ಸೇರಿದಂದಿನಿಂದ ಕಂಡಕಂಡ ಕಾಗದದ ಮೇಲೆಲ್ಲ ಬರೆದು ನಾಲಿಗೆಗೆ ಅಂಟಿಕೊಂಡಿದ್ದ ಹುಟ್ಟಿದ ತಾರೀಖು, ಅರವತ್ತೇಳನೇ ಇಸವಿ, ತಾನೇ ತಾನಾಗಿ ಹೊರಬಿತ್ತು. ಅದು ತಮ್ಮದೇ ಎಂಬುದು ಅವರಿಗೆ ಹೊಳೆಯಲಿಲ್ಲ. ನೆನಪಾಯಿತಲ್ಲ ಎಂಬ ಸಂತೋಷದಲ್ಲಿ ಮಗಳದ್ದನ್ನೂ ಸರಿಯಾಗಿ ಹೇಳಿ ಮುಗಿಸಿದರು.

ಜೋಯಿಸರು ಗುಣಿಸಿದರು. ಹುಬ್ಬು ಮೇಲಕ್ಕೆ ಹೋಯಿತು. ಗಂಡಿಗೆ ಐವತ್ತೆಂಟು, ಹೆಣ್ಣಿಗೆ ಇಪ್ಪತ್ತಾರು. ಎದುರಿಗೆ ಕೂತಿರುವ ಮನುಷ್ಯನಿಗೆ ನೋಡಿದರೆ ಐವತ್ತೆಂಟು. ಹೆಂಡತಿಗೆ ಗೊತ್ತಾಗಬಾರದಂತೆ, ಮುಖಕ್ಕೆ ಮಂಕಿಕ್ಯಾಪು ಬೇರೆ. ವಿಷಯ ತಿಳಿಯಲು ಗ್ರಹಗಳನ್ನು ಕೇಳುವ ಅಗತ್ಯವೇ ಬರಲಿಲ್ಲ.

“ಗಂಡಿಗೆ ಇದು ಮೊದಲನೇ ಮದುವೆನಾ?” ಎಂದರು ಮೆತ್ತಗೆ.

ಮೇಷ್ಟ್ರು ಬೆಚ್ಚಿದರು. “ಹಾಗಂತಲೇ ಹೇಳಿದ್ದಾರೆ.”

“ಜಾತಕ ಹಾಗೆ ಹೇಳ್ತಿಲ್ಲ. ಮದುವೆ ಆಗಿ ಬಹಳ ವರ್ಷ ಆದಂಗಿದೆ. ಸಂತಾನಾನೂ ಇದೆ. ಒಂದು ಹೆಣ್ಣು.”

“ಹೆಣ್ಣು ಮಗು ಬೇರೆ ಇದ್ಯಾ! ನೋಡಿದ್ರೆ ಎಷ್ಟು ಸಾಧು ಥರ ಇದ್ದಾನೆ!”

ಜೋಯಿಸರು ಅವರನ್ನೇ ದಿಟ್ಟಿಸಿ, “ನೋಡಿದ್ರೆ ಹಾಗೇ ಕಾಣ್ತಾರೆ,” ಎಂದು ನಿಟ್ಟುಸಿರುಬಿಟ್ಟರು. “ಹೆಣ್ಣಿನ ಮನೆಯೋರು ಒಪ್ಪಿದಾರಾ?”

“ತಾಯಿ ಒಪ್ಪಿದಾಳೆ. ಹುಡುಗೀಗೂ ಇಷ್ಟ.”

“ತಂದೆ?”

“ಅವರಿಗೆ ಇಂಥದರಲ್ಲೆಲ್ಲ ನಂಬಿಕೆ ಇಲ್ಲ. ಮಗಳು ಚೆನ್ನಾಗಿರಲಿ ಅಂತ ಸಹಿಸ್ಕೊಂಡಿದಾರೆ.”

“ಪಾಪ, ಆ ತಂದೆ.”

“ತುಂಬಾ ಒಳ್ಳೆ ಮನುಷ್ಯ ಸ್ವಾಮಿ,” ಎಂದರು ಮೇಷ್ಟ್ರು ಭಾವುಕರಾಗಿ.

ಜೋಯಿಸರು ಪಂಚಾಂಗ ಮಡಿಸಿಟ್ಟರು. “ನಾನು ಹೇಳೋದನ್ನ ಮನಸ್ಸಿಗಿಟ್ಕೊಳ್ಳಿ. ಈ ಮದುವೆ ಆಗಕೂಡದು. ಗಂಡಿನ ಮನೇಲಿ ಇರೋ ಆ ತಾಯಿ ಕಣ್ಣೀರು ಹಾಕಿದ್ರೆ ಯಾರಿಗೂ ಒಳ್ಳೇದಾಗಲ್ಲ. ಈ ವಯಸ್ಸಲ್ಲಿ ಇದೆಲ್ಲ ಯಾಕೆ?”

ಈ ವಯಸ್ಸಿನಲ್ಲಿ ಮೋಸ ಕಲಿತಿರುವ ವೆಂಕಟೇಶನ ಮೇಲೆ ಹಲ್ಲು ಕಡಿಯುತ್ತ ಮೇಷ್ಟ್ರು ಎದ್ದರು. ದಕ್ಷಿಣೆ ಇಡಲು ಹೋದರೆ ಜೋಯಿಸರು ಮುಟ್ಟಲಿಲ್ಲ. “ಮನೆಗೆ ಹೋಗೋವಾಗ ಹೆಂಡ್ತಿಗೆ ಒಂದು ಮೊಳ ಹೂವು ತಗೊಂಡು ಹೋಗಿ. ಅದೇ ದಕ್ಷಿಣೆ,” ಎಂದರು. ಇದೆಂಥ ಶಾಂತಿಯೋ ಅರ್ಥವಾಗದಿದ್ದರೂ ಮೇಷ್ಟ್ರು ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆ ಕಟ್ಟಿಸಿಕೊಂಡರು.

ಜಗಲಿಯ ಕಂಬದ ಹಿಂದೆ ಕೂತಿದ್ದ ಹೆಂಗಸೊಬ್ಬರನ್ನು ಅವರು ಗಮನಿಸಿರಲಿಲ್ಲ. ಆಕೆ ಅಶ್ವತ್ಥಮ್ಮ, ಚಿಂತಾಮಣಿಯಲ್ಲಿ ಅವರ ಪಕ್ಕದ ಮನೆಯವರೇ. ಗೌರಿಬಿದನೂರು ಆಕೆಯ ತವರು. ಮೊಮ್ಮಗಳಿಗೆ ಕಿವಿ ಚುಚ್ಚಿಸಲು ದಿನ ಕೇಳಲು ಬಂದಿದ್ದರು. ಮಂಕಿಕ್ಯಾಪು ಮುಖ ಮುಚ್ಚಿತೇ ಹೊರತು, ಗೋಡೆಯಾಚೆಯಿಂದ ವರ್ಷಗಟ್ಟಲೆ ಕೇಳಿದ ಗಂಟಲನ್ನು ಮುಚ್ಚಲಿಲ್ಲ. ಮೇಷ್ಟ್ರು ಬೀದಿ ದಾಟಿದ್ದೇ ತಡ, ಆಕೆ ಒಳಗೆ ನುಗ್ಗಿದರು.

“ಅಯ್ಯೋ ದೇವುಡಾ! ಸ್ವಾಮಿ, ಅವ್ರು ನಮ್ಮ ಪಕ್ಕದ ಮನೆ ಮೇಷ್ಟ್ರು! ಆಯಮ್ಮ ಬಂಗಾರದಂಥೋರು. ಭಾನುವಾರ ಹೆಂಗೂ ಕಿವಿ ಚುಚ್ಚೋಕೆ ದಿನ ಚೆನ್ನಾಗೈತೆ ಅಂದ್ರಲ್ಲ, ನೀವೇ ಬಂದು ಅವರ ಮನೇಗೂ ಒಂದು ಮಾತು ಹೇಳಿ ಸ್ವಾಮಿ, ಸಂಸಾರ ಉಳೀತೈತೆ.”

ಜೋಯಿಸರು ಯೋಚಿಸಿ, “ಇದು ಗ್ರಹ ನೋಡೋ ಕೆಲಸ ಅಲ್ಲ, ಆದ್ರೂ ನಮ್ಮದೇ ಕೆಲಸ. ಬರ್ತೀನಿ,” ಎಂದರು.

ಅಶ್ವತ್ಥಮ್ಮ ಗಂಡನಿಗೆ ಫೋನ್ ಮಾಡಿದರು. ಮೇಷ್ಟ್ರ ಬಸ್ಸು ಚಿಕ್ಕಬಳ್ಳಾಪುರ ಮುಟ್ಟುವುದರೊಳಗೆ ಸುದ್ದಿ ಚಿಂತಾಮಣಿ ಮುಟ್ಟಿ, ಕೈಕಾಲು ತೊಳೆದುಕೊಂಡು, ಮನೆಮನೆ ತಿರುಗಲು ಹೊರಟಿತ್ತು.

ಸಂಜೆ ಬೀದಿಗೆ ಕಾಲಿಟ್ಟ ಮೇಷ್ಟ್ರಿಗೆ ಮೊದಲು ಸಿಕ್ಕವರು ಅಶ್ವತ್ಥಮ್ಮನ ಗಂಡ ಮುನಿಶಾಮಪ್ಪ. ಟೊಮೇಟೊ ಬೆಳೆಯುವ ರೈತ, ಮುಚ್ಚುಮರೆ ಇಲ್ಲದ ಮನುಷ್ಯ. ಮೇಷ್ಟ್ರ ಕೈಯಲ್ಲಿದ್ದ ಮಲ್ಲಿಗೆಯನ್ನೇ ನೋಡುತ್ತ, “ಗೌರಿಬಿದನೂರಿಗೆ ಹೋಗಿದ್ರಂತೆ?” ಎಂದರು.

ಮೇಷ್ಟ್ರು ನಿಂತಲ್ಲೇ ನಿಂತರು. ಜೋಯಿಸರ ಮನೆಗೆ ಹೋದದ್ದು ಊರಿಗೆ ತಿಳಿದುಹೋಗಿದೆ! ಇನ್ನು ಯಾವ ಮುಖ ಹೊತ್ತು ಗ್ರಹಣದ ದಿನ ಕುರ್ಚಿ ಹಾಕುವುದು?

“ಮುನಿಶಾಮಪ್ಪ, ಮನುಷ್ಯನಿಗೆ ಒಂದೊಂದು ಸಲ ಮನಸ್ಸು ಸಡಿಲ ಆಗುತ್ತೆ.”

“ಆಗ್ತೈತೆ ಮೇಷ್ಟ್ರೇ, ನಾನಿಲ್ಲ ಅನ್ನಲ್ಲ. ನಂಗೂ ಆಗಿತ್ತು, ಟೊಮೇಟೊಗೆ ಭಾರಿ ರೇಟು ಸಿಕ್ತಲ್ಲ, ಆ ವರ್ಷ. ಆದ್ರೆ ಅದುಮಿಕೊಂಡೆ ಕಣ್ರೀ. ನೀವು ಓದಿದೋರು. ನೀವೂ ಅದುಮಿಕೋಬೇಕಾಗಿತ್ತು.”

“ನಾನು ಆಸೆಪಟ್ಟು ಹೋಗಿದ್ದಲ್ಲಪ್ಪ. ಮನೇಲಿ ಹೇಳಿ ಹೇಳಿ ಕಳಿಸಿದ ಹಾಗಾಯ್ತು.”

“ಆಯಮ್ಮನೇ ಕಳಿಸಿದ್ರಾ!” ಮುನಿಶಾಮಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತರು.

ಮನೆಯೊಳಗೆ ಒಲೆ ಉರಿಯುತ್ತಿರಲಿಲ್ಲ. ಪಂಕಜಮ್ಮ ಸಾರಿನ ಸೌಟು ಹಿಡಿದು ನಿಂತಿದ್ದರು, ಸಾರು ಮಾತ್ರ ಎಲ್ಲೂ ಇರಲಿಲ್ಲ. ಮೇಷ್ಟ್ರು ಹೂವನ್ನು ಮುಂದೆ ಹಿಡಿದು, “ಪಂಕಜಾ, ಆ ಶಿಡ್ಲಘಟ್ಟದ ಸಂಬಂಧ ಬೇಡ. ಕಾರಣ ಕೇಳಬೇಡ. ನನಗೆ ಎಲ್ಲ ಗೊತ್ತಾಗಿದೆ,” ಎಂದರು.

“ನಂಗೂ ಎಲ್ಲ ಗೊತ್ತಾಗಿದೆ,” ಎಂದರು ಪಂಕಜಮ್ಮ.

“ಗೊತ್ತಾಯ್ತಾ? ಅಬ್ಬಾ! ಹೇಗಪ್ಪಾ ಹೇಳೋದು ಅಂತ ದಾರಿಯುದ್ದಕ್ಕೂ ಯೋಚನೆ ಆಗಿತ್ತು. ಈಗ ಮನಸ್ಸು ಹಗುರ ಆಯ್ತು ನೋಡು.”

ಸೌಟು ಕೆಳಗೆ ಬಿತ್ತು.

“ನೀನು ಯಾಕೆ ಹೀಗೆ ಆಡ್ತೀಯ? ನಿನಗೂ ಮೊದಲಿಂದ ಅದೇ ತಾನೇ ಬೇಕಿತ್ತು? ಮಗಳ ಒಳ್ಳೇದಕ್ಕೇ ಹೋಗಿದ್ದು!”

“ಮಗಳ ಒಳ್ಳೇದಕ್ಕಾ!” ಎಂದು ಪಂಕಜಮ್ಮ ಕೂಗಿದ ಕೂಗಿಗೆ ಮುನಿಶಾಮಪ್ಪನ ಮನೆಯ ಎಮ್ಮೆ ಎದ್ದು ನಿಂತಿತು. ಆಕೆ ದಿಂಬು ಎತ್ತಿಕೊಂಡು ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ಜಾತಕಕ್ಕೆ ಇಷ್ಟು ಕೋಪವೇ ಎಂದು ಮೇಷ್ಟ್ರು ಅವಲಕ್ಕಿ ಮೊಸರು ಕಲಸಿಕೊಂಡು ತಿಂದರು. ಹೆಂಡತಿ ತಮಗಿಂತ ದೊಡ್ಡ ವಿಚಾರವಾದಿಯಾಗಿ ಬದಲಾಗಿದ್ದು ಯಾವಾಗ ಎಂಬುದು ಅವರಿಗೆ ತಿಳಿಯಲಿಲ್ಲ.

ಮರುದಿನ ಶಾಲೆಯಲ್ಲಿ ಹೆಡ್‌ಮಾಸ್ಟರ್ ರಮೇಶ್‌ಬಾಬು ಅವರನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಗಂಟಲು ಸರಿಮಾಡಿಕೊಂಡರು.

“ಮೇಷ್ಟ್ರೇ, ಆ ವಿಷಯ ನನ್ನ ಕಿವಿಗೂ ಬಿತ್ತು. ನೀವು ಸರ್ಕಾರಿ ನೌಕರರು. ಇದಕ್ಕೆ ರೂಲ್ಸು ಇದೆ.”

“ಇದಕ್ಕೂ ರೂಲ್ಸ್ ಇದ್ಯಾ ಸಾರ್?”

“ಇಲ್ದೆ ಏನ್ರೀ! ಕೆಲಸ ಹೋಗುತ್ತೆ!”

ಮೇಷ್ಟ್ರು ಬೆವತರು. ಸಂವಿಧಾನದಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ಬರೆದಿರುವುದನ್ನು ಸ್ವತಃ ಅವರೇ ಬೋರ್ಡಿನ ಮೇಲೆ ಬರೆಸಿದ್ದರು. ಅದಕ್ಕೆ ಇಷ್ಟು ಹರಿತ ಇದೆಯೆಂದು ಗೊತ್ತಿರಲಿಲ್ಲ.

“ತಪ್ಪಾಯ್ತು ಸಾರ್. ಒಂದೇ ಸಲ ಹೋಗಿದ್ದು. ಅದೂ ಯಾರೂ ನೋಡಬಾರದು ಅಂತ ಮುಖ ಮುಚ್ಚಿಕೊಂಡು. ಆದ್ರೆ ಸಾರ್, ನಮ್ಮ ಸ್ಟಾಫ್ ರೂಮಲ್ಲಿ ಯಾರು ಹೋಗಿಲ್ಲ ಹೇಳಿ? ಡ್ರಿಲ್ ಮೇಷ್ಟ್ರು ಪ್ರತಿ ಅಮಾವಾಸ್ಯೆ ತಪ್ಪಿಸಲ್ಲ.”

“ಡ್ರಿಲ್ ಮೇಷ್ಟ್ರಾ!”

“ಹಿಂದಿ ಮೇಡಂ ಅಂತೂ ಇಬ್ಬರ ಹತ್ರ ಹೋಗ್ತಾರೆ. ಒಬ್ಬರು ಹೇಳಿದ್ದು ಸರಿಬೀಳದೆ ಹೋದ್ರೆ ಇನ್ನೊಬ್ಬರು.”

ಹೆಡ್‌ಮಾಸ್ಟರು ಮೇಜು ಹಿಡಿದುಕೊಂಡರು. ಇಷ್ಟು ವರ್ಷ ತಾವು ಎಂಥ ಶಾಲೆಯನ್ನು ನಡೆಸುತ್ತಿದ್ದೇವೆಂಬುದು ಆ ಒಂದು ಗಳಿಗೆಯಲ್ಲಿ ಅವರ ಕಣ್ಣಿಗೆ ಕಟ್ಟಿತು. “ಹೋಗಿ ಮೇಷ್ಟ್ರೇ,” ಎಂದರು ಕ್ಷೀಣವಾಗಿ, “ಬೇರೆ ಹೆಸರು ಹೇಳಬೇಡಿ. ನನಗೆ ಬಿ.ಪಿ. ಇದೆ.”

ಶನಿವಾರ ಚಿಕ್ಕಬಳ್ಳಾಪುರದಿಂದ ಪಂಕಜಮ್ಮನ ತಮ್ಮ ಕೇಶವ್ ಬಂದಿಳಿದ. ವಕೀಲ. ಕೋಟು ಬಿಚ್ಚದೆಯೇ ಭಾವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತ.

“ಭಾವ, ಸುತ್ತಿಬಳಸಿ ಮಾತು ಬೇಡ. ಗೌರಿಬಿದನೂರಿಗೆ ಹೋಗಿದ್ದು ನಿಜಾನೋ ಸುಳ್ಳೋ?”

“ನಿಜ ಕಣಪ್ಪ.”

“ಇನ್ನು ಮುಂದೆ ಹೋಗಲ್ಲ ಅಂತ ಅಕ್ಕನ ತಲೆ ಮುಟ್ಟಿ ಹೇಳಿ.”

“ಹೋಗಲ್ಲ. ಆದ್ರೂ ಒಂದು ಮಾತು ಹೇಳ್ತೀನಿ ಕೇಶವ್, ಅವರು ಸಾಮಾನ್ಯದವರಲ್ಲ. ಎರಡು ಮಾತಲ್ಲಿ ನನ್ನ ಕಣ್ಣು ತೆರೆಸಿಬಿಟ್ರು. ಆ ಕಳೆ, ಆ ತೇಜಸ್ಸು!”

“ತೇಜಸ್ಸಾ?” ಕೇಶವನ ಮುಖ ಕೆಂಪಾಯಿತು. “ವಯಸ್ಸೆಷ್ಟು?”

“ಎಪ್ಪತ್ತರ ಮೇಲೇ. ಹಲ್ಲು ಪೂರ್ತಿ ಇಲ್ಲ. ಆದ್ರೂ ಏನು ಸ್ಪಷ್ಟವಾದ ಮಾತು ಅಂತೀಯ!”

ವಕೀಲ ವೃತ್ತಿಯಲ್ಲಿ ಬಗೆಬಗೆಯ ಕೇಸು ಕಂಡಿದ್ದ ಕೇಶವ್ ಇಂಥದ್ದನ್ನು ಕಂಡಿರಲಿಲ್ಲ. ಎದ್ದು ಒಳಗೆ ಹೋಗಿ ಪಿಸುಗುಟ್ಟಿದ.

“ಅಕ್ಕಾ, ವಯಸ್ಸು ಎಪ್ಪತ್ತರ ಮೇಲಂತೆ. ಹಲ್ಲೂ ಇಲ್ವಂತೆ.”

“ಅಶ್ವತ್ಥಮ್ಮ ಚಿಕ್ಕ ಹುಡುಗಿ ಅಂದ್ಲಲ್ಲೋ!”

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹಂಗಾದ್ರೆ,” ಎಂದ ಕೇಶವ್ ಗಂಭೀರವಾಗಿ, “ಇಬ್ಬರು.”

ಭಾನುವಾರ ಬಂತು. ಪಂಕಜಮ್ಮ ಮಗಳ ಮುಖ ನೋಡಿ ಹಲ್ಲು ಕಚ್ಚಿಕೊಂಡು ಕೇಸರಿಬಾತು ಮಾಡಿದರು. ತನ್ನ ಬಾಳು ಏನಾದರಾಗಲಿ, ಇವಳದ್ದು ನಿಲ್ಲಬಾರದು ಎಂಬುದು ಅವರ ಹಟ. ಬೆಳಗಿನ ಬಸ್ಸಿಗೆ ಬಂದ ಅಕ್ಷಯಾಳಿಗೆ ಯಾರೂ ಏನೂ ಹೇಳಲಿಲ್ಲ. ಅಮ್ಮನ ಕಣ್ಣು ಕೆಂಪಾಗಿದ್ದದ್ದಕ್ಕೆ ಈರುಳ್ಳಿ, ಮಾವನ ಕೋಟಿಗೆ ಕೋರ್ಟು ಕಾರಣವೆಂದು ಅವಳು ತಿಳಿದಳು. ಹೆಡ್‌ಮಾಸ್ಟರು ಇಲಾಖೆಯ ಪರವಾಗಿ ಸಾಕ್ಷಿಗೆ ಇರಲೆಂದು ಬಂದು ಮೂಲೆಯಲ್ಲಿ ಕೂತರು. ಮೇಷ್ಟ್ರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮೋಸಗಾರನ ಮುಖವಾಡ ಕಳಚುವ ಸಂಕಲ್ಪ ಮಾಡಿ, ಹಣ್ಣು ತಾಂಬೂಲದ ತಟ್ಟೆಗಳ ನಡುವೆ ವಿರಾಜಮಾನರಾದರು.

ಹತ್ತು ಗಂಟೆ ದಾಟುವಾಗ ವೆಂಕಟೇಶ್ ತಂದೆತಾಯಿಯ ಜತೆ ಬಂದ. ಸಂಕೋಚದ ಹುಡುಗ. ಬಂದವನೇ ಮೇಷ್ಟ್ರ ಕಾಲಿಗೆ ನಮಸ್ಕರಿಸಿದ. ಮೇಷ್ಟ್ರು ಕಾಲು ಹಿಂದಕ್ಕೆಳೆದುಕೊಂಡರು.

“ನಿಮ್ಮನೇಲಿ ಯಾರ್ಯಾರು ಇದ್ದೀರಿ?”

“ನಾನು, ಅಪ್ಪ, ಅಮ್ಮ ಸಾರ್.”

“ಮಕ್ಕಳು?”

“ಒಂದು ಹೆಣ್ಣು ಮಗು ಇದೆ ಸಾರ್.”

ಮೇಷ್ಟ್ರು ದಡಕ್ಕನೆ ಎದ್ದರು. “ಕೇಳಿದ್ರಾ! ಎಲ್ಲರೂ ಕೇಳಿದ್ರಾ! ತಾನಾಗಿ ಒಪ್ಪಿಕೊಂಡ!”

“ನಮ್ಮಕ್ಕನ ಮಗು ಸಾರ್,” ಎಂದ ವೆಂಕಟೇಶ್ ಹೆದರಿ. “ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ.”

ಹುಡುಗನ ತಂದೆ ತೊಡೆಯ ಮೇಲಿನ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. ಹೊರಡುವವರು ಮಾಡುವ ಮೊದಲ ಕೆಲಸ ಅದು. ಸರಿಯಾಗಿ ಆ ಹೊತ್ತಿಗೆ ಬಾಗಿಲಲ್ಲಿ ಅಶ್ವತ್ಥಮ್ಮ, ಮುನಿಶಾಮಪ್ಪ ಕಾಣಿಸಿಕೊಂಡರು. ಅವರ ಮುಂದೆ ಛತ್ರಿ ಹಿಡಿದ ವೆಂಕಟರವಣ ಜೋಯಿಸರು. ಪಂಚೆ ಉಟ್ಟು ತಾಂಬೂಲದ ಮಧ್ಯೆ ನಿಂತಿದ್ದ ಮೇಷ್ಟ್ರನ್ನು ನೋಡಿ ಜೋಯಿಸರಿಗೆ ಕಾಲ ಮಿಂಚಿಹೋಗುತ್ತಿದೆ ಎನ್ನಿಸಿತು.

“ನಿಲ್ಲಿಸಿ! ಅಷ್ಟು ಹೇಳಿ ಕಳಿಸಿದ್ರೂ ನಿಶ್ಚಿತಾರ್ಥದವರೆಗೂ ಬಂದ್ರಲ್ಲ ಸ್ವಾಮಿ!”

ಮೇಷ್ಟ್ರು ತಟ್ಟೆಯ ಹಿಂದೆ ಅವಿತುಕೊಳ್ಳಲು ನೋಡಿದರು. ತಟ್ಟೆ ಚಿಕ್ಕದಿತ್ತು.

ಜೋಯಿಸರು ಪಂಕಜಮ್ಮನ ಕಡೆ ತಿರುಗಿ, “ಅಳಬೇಡಿ ತಾಯಿ, ನಾನು ಇದೀನಿ. ಗಂಡಸಿಗೆ ಒಂದು ವಯಸ್ಸಲ್ಲಿ ಹೀಗೊಂದು ಗ್ರಹಚಾರ ಬಡಿಯುತ್ತೆ, ಇಳಿಸಬಹುದು,” ಎಂದರು. ಆಮೇಲೆ ಎಲ್ಲರ ಕಡೆ ನೋಡಿ, “ಆ ಹೆಣ್ಣು ಎಲ್ಲಿ? ಅವಳಿಗೆ ನಾಲ್ಕು ಬುದ್ಧಿಮಾತು ಹೇಳಬೇಕು. ಉತ್ತರಾ ನಕ್ಷತ್ರ, ತೊಂಬತ್ತೊಂಬತ್ತನೇ ಇಸವಿ.”

“ಅದು ನಾನೇ,” ಎಂದಳು ಕಾಫಿ ತಟ್ಟೆ ಹಿಡಿದು ಬಂದ ಅಕ್ಷಯಾ.

“ನೋಡಮ್ಮ, ಓದಿದ ಹುಡುಗಿ ಥರ ಕಾಣ್ತೀಯ. ಲೋಕದಲ್ಲಿ ಬೇರೆ ಗಂಡೇ ಸಿಗಲಿಲ್ವಾ? ಈ ಐವತ್ತೆಂಟರ ಮನುಷ್ಯನ್ನ ಮದುವೆ ಆಗೋಕೆ ನಿನಗೆ ಹೇಗೆ ಮನಸ್ಸು ಬಂತು?”

“ಇವರು ನಮ್ಮಪ್ಪ,” ಎಂದಳು ಅಕ್ಷಯಾ.

ಜೋಯಿಸರು, “ಶಿವ ಶಿವಾ,” ಎಂದು ಇದ್ದಲ್ಲೇ ನೆಲದ ಮೇಲೆ ಕೂತರು. ಹೆಡ್‌ಮಾಸ್ಟರು ಕೈಗೆ ಸಿಕ್ಕ ಬಾಳೆಹಣ್ಣನ್ನು ಸಿಪ್ಪೆಸಮೇತ ಕಚ್ಚಿದರು. ಗೊಂದಲದ ನಡುವೆ ಸ್ವಸ್ಥವಾಗಿದ್ದದ್ದು ಅಕ್ಷಯಾ ಒಬ್ಬಳೇ. ಅವಳು ಕಾಫಿ ತಟ್ಟೆಯನ್ನು ಕೆಳಗಿಟ್ಟು, ತರಗತಿಯಲ್ಲಿ ಕಂಗಾಲಾದ ಹುಡುಗನನ್ನು ಕೇಳುವ ಹಾಗೆ ಕೇಳಿದಳು.

“ಅಪ್ಪಾ, ನೀನು ಜೋಯಿಸರ ಹತ್ರ ಹೋಗಿದ್ಯಾ?”

ಮೇಷ್ಟ್ರು ತಲೆ ತಗ್ಗಿಸಿದರು. “ಹೋಗಿದ್ದೆ ಕಣಮ್ಮ. ಊರಿಗೆಲ್ಲ ಗೊತ್ತಾಗಿದೆಯಲ್ಲ, ಇನ್ನೇನು ಮುಚ್ಚಿಡೋದು. ನಿನ್ನ ಮದುವೆ ವಿಷಯ ಕೇಳೋಕೆ ಹೋಗಿದ್ದೆ. ಈ ಹುಡುಗನ ಜಾತಕ ಹೇಳಿದೆ, ಅವರು ಮದುವೆ ಆಗಿಹೋಗಿದೆ ಅಂದ್ರು.”

“ಹುಡುಗನ ಜಾತಕ ಏನಂತ ಹೇಳಿದೆ?”

“ವಿಶಾಖ, ತುಲಾ, ಅರವತ್ತೇಳನೇ...” ಎಂದು ಸರಾಗವಾಗಿ ಹೊರಟ ಮೇಷ್ಟ್ರು ಅಲ್ಲಿಗೇ ನಿಂತರು. ಬಾಯಿ ತೆರೆದೇ ಇತ್ತು. ವೆಂಕಟೇಶನನ್ನು ನೋಡಿದರು, ಅವನು ಅರವತ್ತೇಳರಲ್ಲಿ ಹುಟ್ಟಿದವನ ಹಾಗೆ ಕಾಣಲಿಲ್ಲ. ಗೋಡೆಯ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು, ಕಂಡರು.

ಮೊದಲು ನಕ್ಕವಳು ಅಕ್ಷಯಾ. ಆಮೇಲೆ ವೆಂಕಟೇಶ್, ತಡೆಯಲು ಬಹಳ ಪ್ರಯತ್ನಪಟ್ಟು ಸೋತು. ಹುಡುಗನ ತಂದೆ ಟವೆಲ್ಲನ್ನು ಬಾಯಿಗೆ ತುರುಕಿಕೊಂಡರು. ಮುನಿಶಾಮಪ್ಪ, “ಹಂಗಾದ್ರೆ ಚಿಕ್ಕ ಹುಡುಗಿ ಇಲ್ವಾ?” ಎಂದು ಹೆಂಡತಿಯನ್ನು ಕೇಳಿದರು. ಕೇಶವ್, “ಎಪ್ಪತ್ತರ ಮುದುಕಿ?” ಎಂದ. “ಹಲ್ಲಿಲ್ಲದೋರು ಇವರೇ ಕಣೋ,” ಎಂದು ಮೇಷ್ಟ್ರು ಜೋಯಿಸರನ್ನು ತೋರಿಸಿದರು. ಕೇಶವ್ ಅವತ್ತು ಮೊದಲ ಸಲ ಕೋಟು ಬಿಚ್ಚಿದ. ಪಂಕಜಮ್ಮ ಮಾತ್ರ ನಗಲೂ ಆಗದೆ ಅಳಲೂ ಆಗದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹೆಗಲು ಕುಲುಕುತ್ತಿದ್ದದ್ದು ಯಾವುದಕ್ಕೆಂದು ಮೇಷ್ಟ್ರಿಗೆ ಬಹಳ ಹೊತ್ತು ಗೊತ್ತಾಗಲಿಲ್ಲ. ಹತ್ತಿರ ಹೋಗಿ, “ಪಂಕಜಾ, ನಾನು ಅಂಥ ಕೆಲಸ ಮಾಡ್ತೀನಿ ಅಂದ್ಕೊಂಡ್ಯಾ?” ಎಂದರು.

“ಮಾಡೋಕೆ ಬರಲ್ಲ ಅಂತ ಗೊತ್ತಿತ್ತು,” ಎಂದರು ಪಂಕಜಮ್ಮ ಸೆರಗಿನೊಳಗಿಂದ. “ಆದ್ರೂ ಹೊಟ್ಟೆ ಉರೀತು.”

ಜೋಯಿಸರಿಗೆ ಕುರ್ಚಿ ಕೊಟ್ಟು, ಮಜ್ಜಿಗೆ ಕೊಟ್ಟು ಸುಧಾರಿಸಿದರು. ಹುಡುಗನ ತಾಯಿ ಮಗನ ನಿಜವಾದ ನಕ್ಷತ್ರ ಹೇಳಿದರು. ಜೋಯಿಸರು ಬೆರಳು ಮಡಿಸಿ ಗುಣಿಸಿ, ಹುಡುಗ ಹುಡುಗಿ ಇಬ್ಬರ ಮುಖವನ್ನೂ ನೋಡಿದರು. ಅವರಿಬ್ಬರೂ ಇನ್ನೂ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದರು. “ನಕ್ಷತ್ರ ಕೂಡುತ್ತೆ. ಅದಕ್ಕಿಂತ ಮೊದಲೇ ಇವರು ಕೂಡಿಕೊಂಡು ನಗ್ತಿದಾರೆ, ನಂದೇನಿದ್ರೂ ಮುಹೂರ್ತ ಇಟ್ಟುಕೊಡೋದು,” ಎಂದರು.

ಮುಹೂರ್ತದ ಮಾತು ಬಂದಾಗ ಪುಟ್ಟಸ್ವಾಮಯ್ಯನವರೊಳಗಿನ ವಿಜ್ಞಾನಿ ಎದ್ದು ಕೂತ. “ವೈಜ್ಞಾನಿಕವಾಗಿ ನೋಡಿದ್ರೆ ಎಲ್ಲ ದಿನಾನೂ...” ಎಂದು ಶುರುಮಾಡಿದರು. ಮನೆಯಲ್ಲಿದ್ದವರೆಲ್ಲ ಒಟ್ಟಿಗೆ ಅವರ ಕಡೆ ತಿರುಗಿದರು. “...ಒಳ್ಳೇದೇ, ಆದ್ರೂ ಶನಿವಾರ ನನಗೆ ಕ್ಲಾಸಿದೆ,” ಎಂದು ಮುಗಿಸಿದರು.

ಅಶ್ವತ್ಥಮ್ಮ ಮೊಮ್ಮಗಳ ಶಾಸ್ತ್ರಕ್ಕೆ ಹೊತ್ತಾಯಿತೆಂದು ಅವಸರ ಮಾಡಿದರೂ ಜೋಯಿಸರಿಗೆ ಏಳಲು ಆಗಲಿಲ್ಲ. ಗ್ರಹಣದ ಮೇಷ್ಟ್ರ ಮನೆಗೇ ಜೋಯಿಸರು ಬಂದಿದ್ದಾರೆಂದು ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ಎಲ್ಲರಿಗಿಂತ ಮುಂದೆ ಹೆಡ್‌ಮಾಸ್ಟರು, ಸ್ವರ ತಗ್ಗಿಸಿ, ಪ್ರಮೋಷನ್ ಯಾವಾಗ ಎಂದು ಕೇಳುತ್ತಿದ್ದರು. ಸಾಲು ತಪ್ಪದ ಹಾಗೆ ನೋಡಿಕೊಳ್ಳುವ ಕೆಲಸ ಮೇಷ್ಟ್ರದ್ದಾಯಿತು. ಶಿಸ್ತಿನ ವಿಷಯದಲ್ಲಿ ಅವರು ಯಾವತ್ತೂ ರಾಜಿಯಾದವರಲ್ಲ. “ಒಬ್ಬೊಬ್ಬರಾಗಿ! ತಳ್ಳಬೇಡಿ!” ಎಂದು ಹೊಸಲ ಮೇಲೆ ನಿಂತು ಕೂಗುತ್ತಿದ್ದರು.

ಕೊನೆಗೆ ಪಂಕಜಮ್ಮ ತಾಂಬೂಲ ಕೊಡಲು ಜೋಯಿಸರ ಹತ್ತಿರ ಬಂದರು. ಗಂಡ ಹೊಸಲಲ್ಲಿ ಇದ್ದಾರೆಂದು ಖಚಿತ ಮಾಡಿಕೊಂಡು, ಮೆಲ್ಲಗೆ ಕೇಳಿದರು.

“ಸ್ವಾಮಿ, ಹೆಂಗೂ ಅವರ ಜಾತಕ ಗುಣಿಸಿದ್ರಲ್ಲ. ಅದರಲ್ಲಿ ಇನ್ನೇನಾದ್ರೂ ಇತ್ತಾ?”

“ಇತ್ತಮ್ಮ,” ಎಂದರು ಜೋಯಿಸರು. “ಆ ಮನುಷ್ಯನಿಗೆ ಎರಡು ಸಂಸಾರ ನಡೆಸೋ ಯೋಗ ಇಲ್ಲ. ಒಂದನ್ನ ನಡೆಸೋ ಯೋಗಾನೂ ಇಲ್ಲ. ಹೆಂಡ್ತಿ ಕೈಲಿ ನಡೆಸ್ಕೊಳ್ಳೋ ಯೋಗ ಮಾತ್ರ ಬಲವಾಗಿದೆ.”

ಪಂಕಜಮ್ಮ ಎಲೆ ಅಡಿಕೆಯ ಮೇಲೆ ಇನ್ನೊಂದು ಬಾಳೆಹಣ್ಣು ಇಟ್ಟರು.

“ಇಷ್ಟಕ್ಕೆ ಅವರು ಗೌರಿಬಿದನೂರಿನವರೆಗೂ ಹೋಗಬೇಕಿತ್ತಾ ಸ್ವಾಮಿ? ಅಡುಗೆಮನೆಗೆ ಬಂದಿದ್ರೆ ನಾನೇ ಹೇಳ್ತಿದ್ದೆ.”